ಮಫ್ಲರು ಸುತ್ತಿಕೊಂಡ ಮಾವಿನ ಸಸಿ

...ಇಲ್ಲ, ಶಾಲು ಅಲ್ಲ, ಮಫ್ಲರೇ ಇರಬೇಕು. ಕಂದು ಬಣ್ಣದ್ದು ಎಂದು ನೆನಪು ಹೇಳುತ್ತದೆ. ಆದರೆ ನನ್ನ ನೆನಪು ಬೇಕಾದ ಬಣ್ಣ ಬಳಿದುಕೊಂಡು ಬರುವ ಜಾತಿಯದು. ಇಷ್ಟು ಮಾತ್ರ ನಿಜ: ಇಡೀ ಯಲಬುರ್ಗಾದಲ್ಲಿ ಸಸಿಗೆ ಮಫ್ಲರು ಸುತ್ತಿ, ತಾನು ಬರಿಗಿವಿಯಲ್ಲಿ ನಡುಗುತ್ತ ಕೂತ ಏಕೈಕ ಮನುಷ್ಯ ನಮ್ಮ ಸೋದರಮಾವ!

ಅದೇನು ಸಾಮಾನ್ಯ ಸಸಿಯೇ? ತಾವರಗೇರಾದಲ್ಲಿ ಅತ್ತೆಯ ತವರಿನ ಮಾವಿನ ಮರವನ್ನು ರಸ್ತೆ ಅಗಲಿಸುವಾಗ ಕಡಿದರು. ಕಡಿಯುವ ಮುನ್ನ ಮಾವ ಅದರ ಟೊಂಗೆಯ ತುದಿಯೊಂದನ್ನು ತಂದು, ಯಾವುದೋ ಹುಳಿಮಾವಿನ ಸಸಿಗೆ ಕಸಿ ಕಟ್ಟಿಸಿದ್ದರು. ಕಸಿಯ ಗಂಟಿನ ಮೇಲೆ ಅತ್ತೆಯ ತವರು, ಕೆಳಗೆ ಪರರ ಹುಳಿ. ಎರಡು ವರ್ಷ ಪಡಸಾಲೆಯ ಕುಂಡದಲ್ಲಿ ಮುದ್ದಿನಿಂದ ಬೆಳೆದ ಅದು, ಒಂದು ಮಳೆಗಾಲದಲ್ಲಿ ಅಂಗಳದ ಎರೆಮಣ್ಣಿಗೆ ಇಳಿಯಿತು.

ಹಿಂದೆಯೇ ಚಳಿ ಬಂತು. ಮಾವ ಸಸಿಗೆ ಬೆಚ್ಚಗಿನ ನೀರು ಹೊತ್ತು ಹೊರಟರು!

"ಅದಕ್ಕೇನು ಜಳಕಾ ಮಾಡಸ್ತೀರೇನ್ರಿ? ನಾ ಇಲ್ಲಿ ತಣ್ಣೀರಾಗ ಭಾಂಡೆ ತಿಕ್ಕಾಕತ್ತೀನಿ, ನನ್ನ ಕೇಳೋರಿಲ್ಲ!" ಎಂದರು ಅತ್ತೆ.

"ನಿನ್ನ ಎಲಿ ಉದರೂದಿಲ್ಲಲ್ಲ!" ಎಂದರು ಮಾವ.

ಸಸಿಯ ಎಲೆ ಉದುರಿದವು. ಸಂಕ್ರಾಂತಿಯ ಹೊತ್ತಿಗೆ ಒಣಗಾಳಿ ಉಳಿಸಿದ್ದು ಮಫ್ಲರು ಸುತ್ತಿದ ಒಂದು ಕಡ್ಡಿಯನ್ನು. ಮಾವನಿಗೆ ಹೊಸ ಚಟ ಹತ್ತಿತು: ಉಗುರಿನಿಂದ ತೊಗಟೆ ಕೆರೆದು, ಒಳಗೆ ಹಸಿರಿದೆಯೇ, ಜೀವವಿದೆಯೇ ಎಂದು ನೋಡುವುದು. ಬಂದವರಿಗೆಲ್ಲ ಅದೇ ಉಪಚಾರ. ಹಾಲಿನವನು ಕೆರೆದ. ಕರೆಂಟಿನ ಮೀಟರು ನೋಡಲು ಬಂದವರೂ ಕೆರೆದರು! ನಾನು? ಕೆರೆದಿರಬೇಕು. ಉಗುರಿನಲ್ಲಿ ಹಸಿ ವಾಸನೆ ಇತ್ತು, ಅಥವಾ ಇದ್ದಿದ್ದರೆ ಚೆನ್ನಿತ್ತು ಎಂದು ಈಗ ಅನ್ನಿಸುತ್ತಿದೆ.

"ದಿನಾ ನಿಮ್ಮನ್ನ ಹಿಂಗ ಕೆರದ್ರ ನೀವು ಚಿಗರತೀರೇನ್ರಿ?" ಎಂದು ಅತ್ತೆ ಕೇಳಿದ ಮೇಲೆ ಕೆರೆತ ನಿಂತಿತು. ಬದಲಿಗೆ, "ಅದರ ಪಾದಕ್ಕ ಥಂಡಿ ಹತ್ತಬಾರ್ದು" ಎಂದು ಮಾವ ಬುಡಕ್ಕೆ ಮಣ್ಣು ಏರಿಸತೊಡಗಿದರು. ದಿನಕ್ಕೊಂದು ಬುಟ್ಟಿ! ಕಸಿಯ ಗಂಟು ಮಣ್ಣಿನೊಳಗೆ ಹೂತುಹೋದದ್ದು ಯಾರ ಗಮನಕ್ಕೂ ಬರಲಿಲ್ಲ.

ಶಿವರಾತ್ರಿ ಕಳೆದಿತ್ತು. ಆ ಮುಂಜಾನೆ ಅಂಗಳದಲ್ಲಿ ಮಂಜು ಮೊಳಕಾಲೆತ್ತರ ನಿಂತು, ಇಡೀ ಮನೆ ಸದ್ದಿಲ್ಲದೆ ತೇಲುತ್ತಿತ್ತು. ಆ ಹೊತ್ತಿಗೆ ನಮ್ಮಲ್ಲೆಲ್ಲಿಯ ಮಂಜು? ಇರಲಿಕ್ಕಿಲ್ಲ. ಕಡ್ಡಿ ಮಣ್ಣಿನವರೆಗೂ ಒಣಗಿತ್ತು. ಆದರೆ ಮಣ್ಣಿನ ಗುಡ್ಡೆಯನ್ನು ಸೀಳಿ, ತಾಮ್ರದ ಬಣ್ಣದ ಒಂದು ಚಿಗುರು ನಿದ್ದೆಗಣ್ಣಿನ ಕೂಸಿನಂತೆ ತಲೆ ಜೋತುಬಿಟ್ಟು ನಿಂತಿತ್ತು.

ಮಾವ ಕುಣಿದರು. ಮರುಕ್ಷಣವೇ ಹೌಹಾರಿದರು. ಇದು ಗಂಟಿನ ಮೇಲಿನದೋ, ಕೆಳಗಿನದೋ?

"ಮಣ್ಣು ತಗದು ನೋಡೇಬಿಡ್ತೀನಿ," ಎಂದು ಸಣ್ಣ ಸಲಿಕೆ ತಂದರು. "ಕೆಳಗಿಂದಾದ್ರ... ನಿಮ್ಮ ಮನಿ ಮರ ಹೋದಂಗ." ಅವರ ಮಾತಿನಲ್ಲಿ ತಮಾಷೆ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

ಅತ್ತೆ ಸಲಿಕೆಯ ಮೇಲೆ ಕೈಯಿಟ್ಟರು. "ಬ್ಯಾಡ್ರಿ. ಎಳೇದೈತಿ, ಮುರೀತೈತಿ. ಯಾರದರ ಆಗ್ಲಿ, ಇಷ್ಟು ಥಂಡಿ ತಡಕೊಂಡು ಬಂದೈತಿ. ಇರ್ಲಿ."

ಮಾವ ಸಲಿಕೆ ಬಿಟ್ಟು ಅಲ್ಲೇ ಮಣ್ಣಿನಲ್ಲಿ ಕೂತರು. ಅತ್ತೆಯೂ ಪಕ್ಕದಲ್ಲಿ ಕೂತು, ಸೆರಗಿನ ತುದಿಯಿಂದ ಚಿಗುರಿನ ಧೂಳು ಒರೆಸಿದರು.

ಈಗದು ನನ್ನ ಭುಜದೆತ್ತರ ಇದೆ, ಇನ್ನೂ ಹೂ ಬಿಟ್ಟಿಲ್ಲ. ಬುಡದ ಮಣ್ಣನ್ನು ಯಾರೂ ಸರಿಸಿಲ್ಲ. ಅದು ತಾವರಗೇರಾದ ಮರವೋ ಅಲ್ಲವೋ, ನನಗೆ ಗೊತ್ತಿಲ್ಲ.