ಪ್ಲಾಸ್ಟಿಕ್ ಕುರ್ಚಿಗೆ ಹೆದರುವ ಮಾಮಾ

ನಮ್ಮ ಸೋದರಮಾವ ಹಾವಿಗೆ ಹೆದರಿದವರಲ್ಲ, ಪ್ರಿನ್ಸಿಪಾಲರಿಗೆ ಹೆದರಿದವರಲ್ಲ, ನಮ್ಮ ಅತ್ತೆಗೂ ಹೇಳಿಕೊಳ್ಳುವಷ್ಟೇನೂ ಹೆದರುವುದಿಲ್ಲ. ಅವರು ಹೆದರುವುದು ಪ್ಲಾಸ್ಟಿಕ್ ಕುರ್ಚಿಗೆ! ನಗಬೇಡಿ. ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಇವರು ಜೀವಮಾನವಿಡೀ ತಲೆ ಕೆಡಿಸಿಕೊಂಡದ್ದು ಒಂದೇ ವಿಷಯಕ್ಕೆ: ಪ್ಲಾಸ್ಟಿಕ್ಕಿನಲ್ಲಿ ಸಿಕ್ಕಿಬಿದ್ದ ವಿದ್ಯುತ್ತು ಏನು ಮಾಡುತ್ತದೆ?

"ಏನ್ ಮಾಡತೈತಿ ಮಾಮಾ?" ಎಂದು ಒಮ್ಮೆ ಕೇಳಿ ಕೆಟ್ಟೆ.

"ತಾಮ್ರದ ತಂತ್ಯಾಗ ಅದು ಹುಬ್ಬಳ್ಳಿ ಬಸ್ಸಿನಂಗ ಓಡತೈತಿ. ಪ್ಲಾಸ್ಟಿಕ್ಕಿನ್ಯಾಗ? ನಮ್ಮ ಓಣ್ಯಾಗಿನ ಟಂಟಂ ಆಟೋ! ತೆಗ್ಗಿನ್ಯಾಗ ಬೀಳತೈತಿ, ಒದ್ದಾಡಿ ಏಳತೈತಿ, ಮುಂದಿನ ತೆಗ್ಗಿನ್ಯಾಗ ಮತ್ತ ಬೀಳತೈತಿ. ತೆಗ್ಗು ಆಳ ಇತ್ತಂದ್ರ ಮುಗೀತು, ವರ್ಷಗಟ್ಟಲೆ ಅಲ್ಲೇ ಠಿಕಾಣಿ!"

"ಅದ ಟಂಟಂದಾಗ ನೀವೂ ಕುಂತೀರಿ," ಒಳಗಿನಿಂದ ಅತ್ತೆಯ ದನಿ ಬಂತು. "ಜಲ್ದಿ ಇಳದು ಬರ್ರಿ, ಚಾ ಆರಾಕತ್ತೈತಿ!"

ಒಣಹವೆಯಲ್ಲಿ ಪಾಲಿಯೆಸ್ಟರ್ ಬಟ್ಟೆ ಪ್ಲಾಸ್ಟಿಕ್ಕಿಗೆ ಉಜ್ಜಿದರೆ ಸಾಕು, ಆಮೇಲೆ ಯಾರನ್ನು ಮುಟ್ಟಿದರೂ ಚಟ್! ಅದಕ್ಕೇ ಮಾಮಾ ಮದುವೆಗೆ ಹೋದರೆ ಹೆಗಲ ಮೇಲೆ ಒದ್ದೆ ಟವೆಲ್ಲು. ನೀರು ತಾಗಿದರೆ ವಿದ್ಯುತ್ತಿಗೆ ಹರಿದುಹೋಗಲು ದಾರಿಯಂತೆ. ಲಕ್ಷ್ಮೇಶ್ವರದ ಮದುವೆಯೊಂದರಲ್ಲಿ ಅವರು ತಮ್ಮ ಕುರ್ಚಿ ಒರೆಸುತ್ತಿದ್ದಾಗ ಯಾರೋ ದೊಡ್ಡ ಮನುಷ್ಯರು, "ಯಜಮಾನ್ರ, ಈ ಸಾಲೂ ಒರಸಿಬಿಡ್ರಿ" ಎಂದರು. ಮಾಮಾ ಏನು ಮಾಡಿದರೆಂದುಕೊಂಡಿರಿ? ಇಡೀ ಸಾಲು ಒರೆಸಿ, "ಈಗ ಎಲ್ಲಾರೂ ಸುರಕ್ಷಿತ" ಎಂದು ಸಂತೋಷದಿಂದ ಬಂದು ಕುಳಿತರು!

ಹೋದ ಚಳಿಗಾಲದಲ್ಲಿ ಮಾಮಾನ ಮಗಳು ಶಿವಲೀಲಾ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಕೂಸು. ಊರೆಲ್ಲ ಎತ್ತಿ ಆಡಿಸಿತು, ಮಾಮಾ ಮಾತ್ರ ಎತ್ತಲಿಲ್ಲ. ಮಾರು ದೂರ ನಿಂತು ಚಿಟಿಕೆ ಹೊಡೆಯುವುದೇನು, ಮುಖ ಸೊಟ್ಟ ಮಾಡುವುದೇನು! "ಎತ್ಕೋರಿ" ಎಂದರೆ, "ನಾಳೆ ನೋಡೂಣು" ಎಂದು ಜಾರಿಕೊಳ್ಳುತ್ತಿದ್ದರು.

ತೊಟ್ಟಿಲ ಕಾರ್ಯದ ದಿನ ಶಿಗ್ಲಿಯಿಂದ ಬಂದ ಬೀಗತಿ ಎಲ್ಲರೆದುರು ಕೇಳಿಯೇಬಿಟ್ಟರು: "ಹೆಣ್ಣಂತ ಎತ್ತವಲ್ರೇನ್ರಿ ಬೀಗರು?"

ಶಿವಲೀಲಾಳ ಕಣ್ಣು ತುಂಬಿತು. "ಅಪ್ಪಾ, ಖರೇ ಹೇಳು. ಹೆಣ್ಣಾತಂತ ನಿನಗ ಬ್ಯಾಸರೇನು?"

ನನಗೂ ಸಿಟ್ಟು ಬಂತು. ಇಷ್ಟು ಓದಿದ ಮನುಷ್ಯ ಹೀಗಾ?

ಮಾಮಾ ತಲೆ ತಗ್ಗಿಸಿ ಹೇಳಿದರು: "ನೀ ಹುಟ್ಟಿದಾಗ ಹೊಸಾ ಪಾಲಿಯೆಸ್ಟರ್ ಅಂಗಿ ಹಾಕ್ಕೊಂಡು ಓಡಿ ಬಂದಿದ್ದೆ ಅವ್ವಾ. ಹಿಂಗ ಒಣಾ ಹವಾ. ನಿನ್ನ ಗಲ್ಲ ಮುಟ್ಟಿದ ಕೂಡ್ಲೇ ಚಟ್ ಅಂತು. ನೀ ಬೆಚ್ಚಿಬಿದ್ದು, ಉಸಿರು ಕಟ್ಟೂಹಂಗ ಅತ್ತಿ. ಅಪ್ಪ ಮುಟ್ಟಿದ್ದು ಅದ ಮೊದಲ್ನೇ ಸಲ ನೋಡು. ಈ ಕೂಸಿಗೂ ಹಂಗಾದ್ರ..."

ಬೀಗತಿ ಸೆರಗಿನಿಂದ ಮೂಗೊರೆಸಿಕೊಂಡರು.

ಶಿವಲೀಲಾ ಎದ್ದು ಬಂದು ಕೂಸನ್ನು ಅವರ ಮುಂದೆ ಹಿಡಿದಳು. "ನನಗೇನೂ ಆಗಿಲ್ಲಪಾ. ಹಿಡಿ."

ಮಾಮಾ ಕೈ ಚಾಚಿ ಎತ್ತಿಕೊಂಡರು. ಕೂಸು ಬೆಚ್ಚಲಿಲ್ಲ, ಆಕಳಿಸಿತು. ಮಾಮಾ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತರು.