ಹಲ್ಲು ಕಾಣುವ ಹಾಜರಿ

ಅಂದಿನ ರಾದ್ಧಾಂತಕ್ಕೆಲ್ಲ ಕಾರಣ ಒಂದು ಹೆಬ್ಬೆರಳು. ಬೇರೆ ಯಾರದೋ ಅಲ್ಲ, ಪಾಲಿಶ್ ಮಾಮನ ಸ್ವಂತ ಬಲಗೈ ಹೆಬ್ಬೆರಳು.

ಮೇಜು, ಕುರ್ಚಿ, ಬೀರು ಮಾಡುವ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷದಿಂದ ಪಾಲಿಶ್ ಹಾಕುತ್ತಿದ್ದ ಮಾಮನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಅದನ್ನು ಹಿಡಿದು ಯಾರಾದರೂ ಕರೆದರೆ ಅವನೇ ಹಿಂದೆ ತಿರುಗಿ, ಯಾರನ್ನು ಕರೆದರು ಎಂದು ನೋಡುತ್ತಿದ್ದ. ಅವನಿಗೆ ಎರಡು ವಿಷಯಗಳಲ್ಲಿ ಹೆಮ್ಮೆ. ಹೆಮ್ಮೆಯನ್ನು ಮುಚ್ಚಿಡುವ ಜಾಯಮಾನ ಅವನದಲ್ಲ. ಒಂದು, ಅವನು ಪಾಲಿಶ್ ಹಾಕಿದ ಮೇಜಿನಲ್ಲಿ ಮುಖ ನೋಡಿಕೊಂಡು ಕ್ರಾಪು ತೆಗೆಯಬಹುದಿತ್ತು. ಇನ್ನೊಂದು, ಮೂವತ್ತೊಂದು ವರ್ಷದಲ್ಲಿ ಅವನು ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಮದುವೆಯ ದಿನ ಕೂಡ ಬೆಳಗಿನ ಪಾಳಿ ಮುಗಿಸಿಯೇ ಬಂದಿದ್ದ, ಉಗುರಿನ ಸಂದಿಯ ಅರಗಿನ ಸಮೇತ. ಅದನ್ನು ಹೆಂಡತಿ ಇವತ್ತಿಗೂ ಎತ್ತಿ ಆಡುತ್ತಾಳೆ. ಮದುವೆಯ ಫೋಟೊದಲ್ಲಿ ಅವನು ತುಟಿ ಬಿಚ್ಚಲಿಲ್ಲ ಎಂಬುದು ಅವಳ ಎರಡನೆಯ ದೂರು.

ಕಾಲ ಮಾತ್ರ ಚೆನ್ನಾಗಿರಲಿಲ್ಲ. ಜನ ಹೊಸ ಕುರ್ಚಿ ಕೊಳ್ಳುವುದನ್ನು ಬಿಟ್ಟು, ಹಳೆಯದರಲ್ಲೇ ಹುಷಾರಾಗಿ ಕೂರುವುದನ್ನು ಕಲಿತಿದ್ದರು. ಗೋದಾಮಿನಲ್ಲಿ ಮಾರಾಟವಾಗದ ಕುರ್ಚಿಗಳು ಒಂದರ ತೊಡೆಯ ಮೇಲೊಂದು ಕೂತು ಸೂರು ಮುಟ್ಟಿದ್ದವು. ಹೀಗಿರುವಾಗ ಸೋಮವಾರ ಬೆಳಿಗ್ಗೆ ಗೇಟಿನ ಒಳಗೊಂದು ಮೇಜು, ಮೇಜಿನ ಮೇಲೊಂದು ಹೊಸ ಯಂತ್ರ, ಅದರ ಹಿಂದಿನ ಗೋಡೆಗೊಂದು ನೋಟೀಸು ಕಂಡರೆ ಯಾರು ತಾನೇ ಓದದೆ ಒಳಗೆ ಹೋಗುತ್ತಾರೆ?

ನೋಟೀಸಿನಲ್ಲಿ ಇದ್ದದ್ದು ಇಷ್ಟು. ಇಂದಿನಿಂದ ಹಾಜರಿ ಪುಸ್ತಕ ರದ್ದು. ಬರುವಾಗ ಒಮ್ಮೆ, ಹೋಗುವಾಗ ಒಮ್ಮೆ ಯಂತ್ರಕ್ಕೆ ಬೆರಳಿನ ಗುರುತು ತೋರಿಸಬೇಕು. ಮೊದಲ ಸಲ ತೋರಿಸಿದ ಗುರುತನ್ನೇ ಯಂತ್ರ ನೆನಪಿಡುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಗೈರು. ವ್ಯಾಪಾರ ಕುಸಿದಿರುವುದರಿಂದ ಇಂದಿನ ಗೈರುಪಟ್ಟಿಯಲ್ಲಿ ಇರುವವರು ನಾಳೆಯಿಂದ ಬರಬೇಕಾಗಿಲ್ಲ.

“ನನಗೇನು ಭಯ?” ಎಂದು ಮಾಮ ಎದೆ ಸೆಟೆಸಿ ಸಾಲಿನ ಮೊದಲಿಗೇ ನಿಂತ. ಯಂತ್ರ ಇಟ್ಟಿದ್ದ ಮೇಜಿಗೆ ಪಾಲಿಶ್ ಹಾಕಿದವನೂ ಅವನೇ. ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತಿದ.

“ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ,” ಎಂದಿತು ಯಂತ್ರದೊಳಗಿನ ಹೆಣ್ಣುದನಿ.

ಒರೆಸಿಕೊಂಡು ಒತ್ತಿದ. ಊದಿ ಒತ್ತಿದ. ಎಡಗೈ ಒತ್ತಿದ. ಹತ್ತೂ ಬೆರಳಿಗೆ ಅದೇ ಉತ್ತರ, ಅದೇ ಮರ್ಯಾದೆ. ಕೊನೆಗೆ ವಾಚ್‌ಮನ್ ಮಾಮನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

“ಮಾಮ, ಇದರಲ್ಲಿ ಗೆರೆನೇ ಇಲ್ವಲ್ಲ. ನುಣ್ಣಗೆ ಗೋಲಿ ಥರ ಇದೆ. ಗೆರೆಯೆಲ್ಲ ಎಲ್ಲಿಟ್ರಿ?”

“ಎಲ್ಲಿಡ್ತೀನಿ? ಮೂವತ್ತೊಂದು ವರ್ಷದ ಮೇಜು ಕುರ್ಚಿ ಮೇಲೆಲ್ಲ ಇಟ್ಟು ಬಂದಿದ್ದೀನಿ. ಬೇಕಾದ್ರೆ ಗಿರಾಕಿಗಳ ಮನೆಗೆ ಹೋಗಿ ಕೇಳು.”

ಸ್ಯಾಂಡ್ ಪೇಪರ್ ಮರವನ್ನು ಮಾತ್ರ ನುಣ್ಣಗೆ ಮಾಡುತ್ತದೆ ಎಂದು ಅವನೂ ಇಷ್ಟು ದಿನ ನಂಬಿದ್ದ. ಮಾತೇನೋ ಜೋರಾಗಿಯೇ ಬಂತು, ಹಾಜರಿ ಮಾತ್ರ ಬೀಳಲಿಲ್ಲ. ಅವನನ್ನು ಪಕ್ಕಕ್ಕೆ ನಿಲ್ಲಿಸಿ ಉಳಿದವರೆಲ್ಲ ಟಿಣ್ ಟಿಣ್ ಎಂದು ಒಳಗೆ ಹೋದರು. ಹೋದವರು ಹೋಗಿದ್ದರೆ ಚೆನ್ನಾಗಿತ್ತು. ಸಲಹೆ ಕೊಡಲು ಒಬ್ಬೊಬ್ಬರಾಗಿ ವಾಪಸು ಬಂದರು.

ಮೊದಲು ಬಂದವಳು ಪ್ಯಾಕಿಂಗ್ ಅಕ್ಕ. ರಟ್ಟಿನ ಡಬ್ಬಕ್ಕೆ ಟೇಪು ಸುತ್ತುವಷ್ಟೇ ಸಲೀಸಾಗಿ ಮಾಮನ ಹೆಬ್ಬೆರಳಿಗೆ ಮುಖದ ಕ್ರೀಮು ಸುತ್ತಿದಳು. “ಚರ್ಮ ಮೆತ್ತಗಾದ್ರೆ ಗೆರೆ ಮೇಲೆ ಬರುತ್ತೆ ಮಾಮ, ನಮ್ಮತ್ತೆಗೂ ಹೀಗೇ ಆಗಿತ್ತು.” ಬೆರಳು ಘಮಘಮ ಎಂದಿತು. ಯಂತ್ರ ಮತ್ತೊಮ್ಮೆ ಪ್ರಯತ್ನಿಸಿ ಎಂದಿತು.

ಆಮೇಲೆ ಬಂದವನು ಗರಗಸದ ವಿಭಾಗದ ಫಾರ್ವರ್ಡ್ ಭಾವ. ಲೋಕದ ಯಾವ ರೋಗಕ್ಕೂ, ಯಾವ ರಿಪೇರಿಗೂ ಅವನ ಮೊಬೈಲಿನಲ್ಲಿ ಒಂದು ವಿಡಿಯೊ ಇರುತ್ತಿತ್ತು.

“ಇಲ್ನೋಡಿ ಮಾಮ, ಲಕ್ಷಾಂತರ ಜನ ನೋಡಿರೋ ವಿಡಿಯೊ. ಬೆರಳಿಗೆ ಮರದ ಅಂಟು ಸವರಬೇಕು, ಸೂಜಿಯಲ್ಲಿ ಗೆರೆ ಕೊರೀಬೇಕು, ಒಣಗಿದ ಮೇಲೆ ಒತ್ತಬೇಕು. ಯಂತ್ರ ಕೈ ಮುಗಿದು ಒಳಗೆ ಬಿಡುತ್ತೆ.”

“ಇದು ಮೋಸ ಅಲ್ವೇನೋ?”

“ನಿಮ್ಮ ಬೆರಳಿನ ಮೇಲೆ ನಿಮ್ಮದೇ ಗೆರೆ. ಮೋಸ ಎಲ್ಲಿಂದ ಬಂತು?”

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಮಾಮ ಬೆರಳು ನೀಡಿದ. ಆದರೆ ವಿಡಿಯೊದಲ್ಲಿ ‘ಒಣಗಿದ ಮೇಲೆ’ ಎಂದಿದ್ದ ಕಡೆ ಎಷ್ಟು ಹೊತ್ತು ಎಂದು ನೋಡುವಷ್ಟು ತಾಳ್ಮೆ ಭಾವನಿಗೆ ಯಾವತ್ತೂ ಇರಲಿಲ್ಲ. ಮಾಮ ಒತ್ತಿದ. ಯಂತ್ರ ಎಂದಿನಂತೆ ಮತ್ತೊಮ್ಮೆ ಪ್ರಯತ್ನಿಸಿ ಎಂದಿತು. ಪ್ರಯತ್ನಿಸೋಣ ಎಂದರೆ ಬೆರಳು ಬರಬೇಕಲ್ಲ. ಕಾರ್ಖಾನೆಯ ಅಂಟು ಒಳ್ಳೆಯ ಗುಣಮಟ್ಟದ್ದು. ಗುರುತು ಹಿಡಿಯಲೊಲ್ಲೆ ಎಂದ ಯಂತ್ರ ಈಗ ಬೆರಳು ಬಿಡಲೊಲ್ಲೆ ಎಂದು ಕೂತಿತು.

ವಾಚ್‌ಮನ್ ಮಾಮನನ್ನು ಎಳೆದ. ಭಾವ ವಾಚ್‌ಮನ್ನನನ್ನು ಎಳೆದ. ಅಕ್ಕ ಸ್ಪಿರಿಟ್ ತರಲು ಓಡಿದಳು. ಈ ಗದ್ದಲವನ್ನೆಲ್ಲ ಒಬ್ಬಳು ಮೊಬೈಲಿನಲ್ಲಿ ಹಿಡಿಯುತ್ತಿದ್ದಳು. ಅವಳು ಪ್ರಚಾರದ ಹುಡುಗಿ. ಮೇಜು ಕುರ್ಚಿಗಳ ಫೋಟೊ ತೆಗೆದು ಜಾಲತಾಣದಲ್ಲಿ ಹಾಕುವುದು ಅವಳ ಕೆಲಸ. ಕುರ್ಚಿಯ ಫೋಟೊಗೆ ಹನ್ನೊಂದು ಲೈಕ್ ಬಂದರೆ ಅದರಲ್ಲಿ ಹತ್ತು ಕಾರ್ಖಾನೆಯವರದೇ ಆಗಿದ್ದ ಕಷ್ಟಕಾಲ ಅದು.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಯಂತ್ರದ ಜತೆ ಕೈ ಕುಲುಕುತ್ತಾ ನಿಂತ ಮಾಮನನ್ನು ನೋಡಿ ಹುಬ್ಬು ಏರಿಸಿದರು.

“ಸಾರ್, ನಾನು ಬಂದಿದ್ದೀನಿ. ನೀವೇ ನೋಡ್ತಿದ್ದೀರಲ್ಲ.”

“ನಾನು ನೋಡಿದ್ರೆ ಆಗಲ್ಲಪ್ಪ, ಯಂತ್ರ ನೋಡ್ಬೇಕು. ಸಂಜೆಯೊಳಗೆ ಅದು ಒಪ್ಪದಿದ್ರೆ ನನ್ನ ಕೈಯಲ್ಲೇನೂ ಇಲ್ಲ.”

“ಸಾರ್, ಈ ಕೈ ಸವೆದಿರೋದು ನಿಮ್ಮ ಕಾರ್ಖಾನೆಗೇ. ಗೆರೆ ಇರೋ ಬೆರಳು ಬೇಕು ಅಂದ್ರೆ ಕೆಲಸ ಮಾಡದೇ ಇರೋರನ್ನ ಕರೆಸ್ಕೊಳ್ಳಿ.”

ಮಾಮ ಇದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ತಲೆ ಎತ್ತಿ, ಸರಾಗವಾಗಿ, ಮೇಜಿನ ನಯದ ಬಗ್ಗೆ ಗಿರಾಕಿಗೆ ವಿವರಿಸುವಂತೆ ಹೇಳಿದ. ಪ್ರಚಾರದ ಹುಡುಗಿಗೆ ಮೈ ಜುಮ್ಮೆಂದಿತು. ಮ್ಯಾನೇಜರ್ ಮುಖ ಕಾಣದಂತೆ ಕತ್ತರಿಸಿ, ಆ ಮಾತನ್ನು ಆಗಲೇ ಜಾಲತಾಣಕ್ಕೆ ಏರಿಸಿಬಿಟ್ಟಳು.

ಊಟದ ಹೊತ್ತಿಗೆ ಮಾಮ ಲೋಕಪ್ರಸಿದ್ಧನಾಗಿದ್ದ. ಬೆರಳೇನೋ ಸ್ಪಿರಿಟ್ಟಿನಿಂದ ಬಿಡಿಸಿಕೊಂಡಿತ್ತು, ಆದರೆ ಅದರ ಚಿತ್ರ ಸಾವಿರಾರು ಮೊಬೈಲುಗಳಿಗೆ ಅಂಟಿಕೊಂಡಿತ್ತು. ಯಾರೋ ಅಳುವ ಮುಖ ಹಾಕಿದ್ದರು, ಯಾರೋ ತಮ್ಮ ತಾತನ ಕೈಯ ಫೋಟೊ ಹಾಕಿದ್ದರು. ಮತ್ಯಾರೋ, ಈ ಕೈಗೆ ಗೈರು ಎನ್ನುವ ಕಾರ್ಖಾನೆಯ ಕುರ್ಚಿಯಲ್ಲಿ ನಾವು ಕೂರುವುದಿಲ್ಲ ಎಂದು ಶಪಥ ಮಾಡಿದ್ದರು. ಹಾಗೆ ಬರೆದವರು ಮೊದಲು ಕೂತಿದ್ದರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಮಾಲೀಕರು ಫೋನು ಮಾಡಿದರು, ಫೋನು ಇಟ್ಟ ಮೇಲೆ ಮ್ಯಾನೇಜರ್ ದನಿಯಲ್ಲಿ ಜೇನು ಸುರಿಯತೊಡಗಿತು.

ಮೂರು ಗಂಟೆಗೆ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿದರು. ಗೋದಾಮಿನಿಂದ ಅತ್ಯುತ್ತಮ ಕುರ್ಚಿ ತಂದು ಮಾಮನನ್ನು ಕೂರಿಸಿದರು. ಮೂವತ್ತೊಂದು ವರ್ಷದಲ್ಲಿ ತಾನು ಪಾಲಿಶ್ ಹಾಕಿದ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು.

“ಈ ಕೈಗಳೇ ನಮ್ಮ ಸಂಸ್ಥೆ,” ಎಂದರು ಮ್ಯಾನೇಜರ್ ಮೈಕಿನಲ್ಲಿ. “ಬೆರಳಿನ ಗುರುತು ಸಿಗದವರಿಗೆ ಯಂತ್ರದಲ್ಲಿ ಮುಖದ ಗುರುತಿನ ಸೌಲಭ್ಯವೂ ಇದೆ. ಅದನ್ನ ಈಗಲೇ, ನಿಮ್ಮೆಲ್ಲರ ಎದುರಿಗೇ ಶುರು ಮಾಡ್ತಿದ್ದೀವಿ.”

ಚಪ್ಪಾಳೆ ಬಿತ್ತು. ಸುಮ್ಮನೆ ತಟ್ಟುವ ಚಪ್ಪಾಳೆಯಲ್ಲ, ಗರಗಸದವರು, ಉಳಿಯವರು, ಪ್ಯಾಕಿಂಗಿನವರು ಅಂಗೈ ಕೆಂಪಾಗುವಂತೆ ತಟ್ಟಿದ ಚಪ್ಪಾಳೆ. ಮಾಮನ ಎದೆ ಉಬ್ಬಿತು, ಕಣ್ಣು ಒದ್ದೆಯಾಯಿತು, ಮದುವೆಯ ದಿನವೂ ಬಿಚ್ಚದ ತುಟಿ ಬಿಚ್ಚಿ ಅಷ್ಟೂ ಹಲ್ಲು ಹೊರಗೆ ಬಂದವು. ಸರಿಯಾಗಿ ಆ ಗಳಿಗೆಯಲ್ಲಿ ವಾಚ್‌ಮನ್ ಯಂತ್ರವನ್ನು ಅವನ ಮುಖಕ್ಕೆ ಹಿಡಿದ. ಟಿಣ್ ಎಂದಿತು. ಬೆಳಗಿನ ಹಾಜರಿಯೂ ಸೇರಿ ಬಿತ್ತು.

ಐದು ಗಂಟೆಗೆ ಗೋಡೆಗೆ ಎರಡನೆಯ ನೋಟೀಸು ಬಂತು. ಇಂದು ಈವರೆಗೆ ಯಾರೂ ಗೈರಾಗದ ಕಾರಣ ಯಾರನ್ನೂ ತೆಗೆಯುವಂತಿಲ್ಲ. ಆದ್ದರಿಂದ ಎಲ್ಲರಿಗೂ ಇನ್ನು ದಿನ ಬಿಟ್ಟು ದಿನ, ವಾರಕ್ಕೆ ಮೂರೇ ದಿನ ಕೆಲಸ, ಮೂರೇ ದಿನದ ಕೂಲಿ. ಸದ್ಯಕ್ಕೆ ಒಂದು ತಿಂಗಳು. ನೌಕರರ ಪ್ರತಿಕ್ರಿಯೆ ನೋಡಿಕೊಂಡು ಮುಂದಿನ ತೀರ್ಮಾನ.

 ಒಂದು ದಿನವೂ ತಪ್ಪಿಸದವನು ಇನ್ನು ವಾರದಲ್ಲಿ ಮೂರು ದಿನ ತಪ್ಪಿಸಲೇಬೇಕು. ಮಾಮನ ಮುಖ ಹರಳೆಣ್ಣೆ ಕುಡಿದಂತೆ ಆಯಿತು. ಆ ಮುಖವನ್ನೇ ಹೊತ್ತು ಅವನು ಹೊರಡುವ ಸಾಲಿನಲ್ಲಿ ನಿಂತ, ಅದನ್ನೇ ಯಂತ್ರಕ್ಕೆ ತೋರಿಸಿದ.

“ಗುರುತು ಸಿಗುತ್ತಿಲ್ಲ,” ಎಂದಿತು ಹೆಣ್ಣುದನಿ. “ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.”

ವಾಚ್‌ಮನ್ ಅವನನ್ನೂ ಯಂತ್ರವನ್ನೂ ಬದಲಿಸಿ ಬದಲಿಸಿ ನೋಡಿದ. “ಅಯ್ಯೋ ಮಾಮ, ಇದರೊಳಗೆ ಇರೋ ನಿಮ್ಮ ಮುಖ ನಗ್ತಿದೆ. ಅದಕ್ಕೆ ಗೊತ್ತಿರೋದು ಅದೊಂದೇ ಮುಖ. ನಗಿ, ಇಲ್ಲಾಂದ್ರೆ ಗೈರು.”

ಮಾಮ ತುಟಿ ಎಳೆದ. ಯಂತ್ರ ಒಪ್ಪಲಿಲ್ಲ. ಭಾವ ಮೊಬೈಲಿನಲ್ಲಿ ನಗೆಯ ವಿಡಿಯೊ ಹಾಕಿದ, ನಕ್ಕವನು ಭಾವನೊಬ್ಬನೇ. ಅಕ್ಕ ಪಕ್ಕೆಗೆ ಕಚಗುಳಿ ಇಟ್ಟಳು. ಸಾಲಿನಲ್ಲಿ ಹಿಂದಿದ್ದವರು, “ಬೇಗ ನಗಿ ಮಾಮ, ಬಸ್ಸು ಹೋಗುತ್ತೆ,” ಎಂದು ಗದರತೊಡಗಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೂವತ್ತೊಂದು ವರ್ಷದ ಹಾಜರಿ ಒಂದು ನಗೆಗೆ ಗಂಟುಬಿದ್ದು ಕೂತಿತ್ತು.

ಸೋತು ಸುಣ್ಣವಾದ ಮಾಮ ಎರಡೂ ಅಂಗೈಯನ್ನು ಮೇಜಿನ ಮೇಲೆ ಊರಿದ. ಊರಿದ ಕೈ ಜಾರಿತು. ತಾನೇ ಹಾಕಿದ ಪಾಲಿಶ್. ಬಗ್ಗಿ ನೋಡಿದ. ಒಂದು ಗೆರೆಯಿಲ್ಲ, ಒಂದು ಗುಳ್ಳೆಯಿಲ್ಲ. ಆಳವಾದ ಕೆಂಪು ಮರದೊಳಗಿಂದ ಅವನದೇ ಮುಖ, ಒಂದೊಂದು ಹುಬ್ಬಿನ ಕೂದಲಿನ ಸಮೇತ, ಅವನನ್ನು ನೋಡುತ್ತಿತ್ತು. ಬೆರಳಲ್ಲಿ ಇಲ್ಲದ್ದೆಲ್ಲ ಇಲ್ಲೇ ಇತ್ತು. ಇಂಥದ್ದನ್ನು ಇನ್ನೊಬ್ಬ ಮಾಡಿ ತೋರಿಸಲಿ ಎಂದುಕೊಂಡ. ಎದೆ ತಾನಾಗಿ ಉಬ್ಬಿತು, ತುಟಿ ತಾನಾಗಿ ಬಿಚ್ಚಿತು, ತಲೆ ಎತ್ತಿದ.

ಟಿಣ್ ಎಂದಿತು ಯಂತ್ರ. ಅದರ ಬೆನ್ನಿಗೇ ಪಕ್ಕದಲ್ಲೆಲ್ಲೋ ಕ್ಲಿಕ್ ಎಂಬ ಇನ್ನೊಂದು ಸದ್ದು ಕೇಳಿದಂತಾಯಿತು. ಮಾಮ ಗಮನಿಸಲಿಲ್ಲ. ಮೂವತ್ತೊಂದು ವರ್ಷ ಪೂರ್ತಿ ಹಾಜರಿ ಎಂಬ ಹೆಮ್ಮೆಯಲ್ಲಿ ಮನೆಯವರೆಗೂ ನಡೆದೇ ಹೋದ.

ಹೆಂಡತಿ ಬಾಗಿಲಲ್ಲೇ ಮೊಬೈಲು ಹಿಡಿದು ನಿಂತಿದ್ದಳು.

“ವಾರಕ್ಕೆ ಮೂರೇ ದಿನ ಕೆಲಸ ಅಂತೆ, ಹೌದಾ?”

“ಹೌದು ಕಣೆ. ಏನ್ ಮಾಡೋದು.”

“ಏನ್ ಮಾಡೋದು ಅಂತ ನನ್ನ ಕೇಳ್ತೀರಾ? ಇದೇನಿದು ಮತ್ತೆ?”

ಮೊಬೈಲಿನಲ್ಲಿ ಎರಡನೆಯ ನೋಟೀಸು, ಅದರ ಕೆಳಗೆ ಕಿವಿಯಿಂದ ಕಿವಿಗೆ ಹಲ್ಲು ಕಿರಿದು ನಿಂತ ಪಾಲಿಶ್ ಮಾಮ. ಮೇಲೆ ಪ್ರಚಾರದ ಹುಡುಗಿಯ ಬರಹ: ‘ವಾರಕ್ಕೆ ಮೂರೇ ದಿನ ಕೆಲಸ. ನಮ್ಮವರ ಪ್ರತಿಕ್ರಿಯೆ ನೀವೇ ನೋಡಿ.’ ಬೆಳಿಗ್ಗೆ ಅತ್ತ ಸಾವಿರಾರು ಜನ ಈಗ ಹೃದಯದ ಚಿಹ್ನೆ ಒತ್ತುತ್ತಿದ್ದರು. ಎಲ್ಲಕ್ಕಿಂತ ಕೆಳಗೆ ಮಾಲೀಕರ ಮಾತು ಇತ್ತು. ಇಷ್ಟು ಸಂತೋಷದಿಂದ ಒಪ್ಪಿಕೊಂಡ ನೌಕರರಿಗೆ ವಂದನೆ. ಒಂದು ತಿಂಗಳಿಗೆಂದು ಮಾಡಿದ್ದ ಏರ್ಪಾಡನ್ನು ವರ್ಷಪೂರ್ತಿ ಮುಂದುವರಿಸಲಾಗುವುದು.

“ಮದುವೆ ಫೋಟೊದಲ್ಲೂ ಹೀಗೆ ನಕ್ಕಿರಲಿಲ್ಲ ನೀವು,” ಎಂದಳು ಹೆಂಡತಿ.

ಮಾಮ ಚಪ್ಪಲಿ ಬಿಚ್ಚಿಟ್ಟು ಒಳಗೆ ಬಂದ. ನಾಳೆ ಕಾರ್ಖಾನೆಯಲ್ಲಿ ಎಲ್ಲರೂ ತನಗೆ ಏನನ್ನುತ್ತಾರೆ ಎಂದು ಯೋಚಿಸಿದ, ನಾಳೆ ಕೆಲಸವೇ ಇಲ್ಲ ಎಂಬುದು ನೆನಪಾಯಿತು. ಆಮೇಲೆ ಕನ್ನಡಕ ಹಾಕಿಕೊಂಡು ಮೊಬೈಲಿನ ಹತ್ತಿರ ಬಗ್ಗಿದ.

“ಸ್ವಲ್ಪ ದೊಡ್ಡದು ಮಾಡೇ. ಮುಖ ಅಲ್ಲ, ಅದರ ಕೆಳಗೆ. ಮೇಜು.”

ಅವಳು ಎರಡು ಬೆರಳಿನಿಂದ ಹಿಗ್ಗಿಸಿದಳು. ಮೇಜಿನ ಹೊಳಪಿನಲ್ಲಿ ಇನ್ನೊಬ್ಬ ಮಾಮ ತಲೆಕೆಳಗಾಗಿ ನಗುತ್ತಿದ್ದ.

“ನೋಡು, ಹಲ್ಲು ಎಣಿಸ್ಬಹುದು. ಯಾರ ಪಾಲಿಶ್ ಅಂದ್ಕೊಂಡೆ?” ಎಂದ ಮಾಮ, ಫೋಟೊದಲ್ಲಿ ಇದ್ದಂತೆಯೇ ನಗುತ್ತಾ.