ಬಿಂದಿಗೆ ತುಂಬ ಬೌ ಬೌ

"ಬನ್ನಿ ಸುಮಿತ್ರಮ್ಮ, ಬೇಗ ಬನ್ನಿ! ನಿಮ್ಮ ನಗಾರೀನೂ ಕರ್ಕೊಂಡ್ ಬನ್ನಿ! ಇವತ್ತಿಂದ ಯಾವ ಕಾನೂನೂ ಅದರ ಬಾಲ ಮುಟ್ಟಕ್ಕಾಗಲ್ಲ!"

ಪಕ್ಕದ ಮನೆಯ ತಾರಸಿಯಿಂದ ಮಾರ್ಕಂಡಣ್ಣ ಕೂಗಿದಾಗ ನಾನು ಹಪ್ಪಳ ಹರವುತ್ತಿದ್ದೆ. ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಈ ಮಹಾನುಭಾವರು ಯಂತ್ರ ಕಂಡುಹಿಡಿಯುವುದಕ್ಕೆ ಶುರುಮಾಡಿದ್ದರು. ಅವರ ಸೊಳ್ಳೆ ಓಡಿಸುವ ಯಂತ್ರಕ್ಕೆ ಸೊಳ್ಳೆಗಳು ಜಗ್ಗಲಿಲ್ಲ, ಬೀದಿಯವರು ಓಡಿದ್ದೆವು. ಆದರೂ ಈ ಸಲ ನಾನು ಹಿಟ್ಟಿನ ಕೈಯಲ್ಲೇ ಹೋದೆ. ನನ್ನ ನಾಯಿ ನಗಾರಿಯೂ ಹಿಂದೆಯೇ ಬಂತು.

ನಮ್ಮೂರ ಪುರಸಭೆ ನಾಯಿ ಸಾಕುವವರಿಗೆಂದು ಹೊಸ ನಿಯಮಗಳ ಕರಡು ತಯಾರಿಸಿತ್ತು. ಮನೆಗೊಂದೇ ನಾಯಿ. ಅದಕ್ಕೊಂದು ಲೈಸೆನ್ಸ್. ಮಿತಿ ಮೀರಿ ಬೊಗಳಿದರೆ ವ್ಯಾನು ಬಂದು ಊರಾಚೆಯ ನಾಯಿದೊಡ್ಡಿಗೆ ಸಾಗಿಸುತ್ತದೆ. ಮೊದಲು ನಮ್ಮ ವಾರ್ಡಿನಲ್ಲಿ ಪರೀಕ್ಷೆ ನಡೆಸಿ ಆಮೇಲೆ ಸಭೆಯಲ್ಲಿ ಪಾಸು ಮಾಡುವುದೆಂದು ನಮ್ಮ ವಾರ್ಡಿನ ಸದಸ್ಯ ಜವರೇಗೌಡರು ಪಟ್ಟು ಹಿಡಿದಿದ್ದರು.

ಬೀದಿಗೆ ಬೀದಿಯೇ ನಿಂತಲ್ಲಿ ನಿಲ್ಲಲಾರದೆ ಒದ್ದಾಡಿತು. ಎದುರು ಮನೆಯ ಲೋಕನಾಥಯ್ಯನವರಿಗೆ ಎರಡು ನಾಯಿ. ಚಿಕ್ಕದರ ಕೊರಳಿಗೆ ಗಂಟೆ ಕಟ್ಟಿ, ಮುಂದೆ ಹುಲ್ಲು ಹಾಕಿ, "ಇದು ಕರು" ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದರು. ಮೂಲೆ ಮನೆಯ ಟೀಚರು ತಮ್ಮ ಪೊಮೆರೇನಿಯನ್ನಿಗೆ ಬಾಯಿಯ ಮೇಲೆ ಬೆರಳಿಟ್ಟು ಸುಮ್ಮನಿರುವ ಪಾಠ ಹೇಳಿಕೊಟ್ಟರು. ಅದು ಬೆರಳನ್ನೇ ಕಚ್ಚಿತು!

ಇನ್ನು ನನ್ನ ನಗಾರಿ. ಮನೆಯಲ್ಲಿರುವುದು ನಾವಿಬ್ಬರೇ. ಹಪ್ಪಳ ಮಾಡುವವಳು ನಾನು, ಕೋತಿಗಳಿಂದ ಅದನ್ನು ಕಾಯುವುದು ಅದು. ಒಮ್ಮೆ ಬೊಗಳಿದರೆ ಬಸ್‌ಸ್ಟ್ಯಾಂಡಿನಲ್ಲಿ ತೂಕಡಿಸುವವರು ಎದ್ದು ಕೂರುತ್ತಾರೆ. ಸುಮ್ಮನೆ ಇಟ್ಟ ಹೆಸರಲ್ಲ!

ಮಾರ್ಕಂಡಣ್ಣ ನಗಾರಿಯ ಕೊರಳಿಗೆ ತಗಡಿನ ಡಬ್ಬಿಯಿದ್ದ ಪಟ್ಟಿಯೊಂದನ್ನು ಕಟ್ಟಿ, "ಹೂಂ, ಬೊಗಳಪ್ಪ!" ಎಂದರು. ನಗಾರಿ ಕತ್ತೆತ್ತಿ ಬಾಯಿ ಬಿಟ್ಟಿತು. ಸದ್ದೇ ಇಲ್ಲ! ಮಾರ್ಕಂಡಣ್ಣ ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು, ತಳದಲ್ಲಿ ತಿಳಿನೀರಿನಂಥ ಒಂದು ಹನಿ.

"ನೋಡಿದ್ರಾ? ಶಬ್ದ ಹೊರಗೆ ಬರೋಕ್ಮುಂಚೆನೇ ಹಿಡಿದು, ತಣ್ಣಗೆ ಮಾಡಿ, ದ್ರವ ಮಾಡ್ಬಿಡುತ್ತೆ! ಪ್ರಪಂಚದಲ್ಲಿ ಇನ್ನೊಬ್ಬ ಮಾಡಿಲ್ಲ!"

"ಮಾಡ್ದೆ ಇರೋದಕ್ಕೆ ಏನಾದ್ರೂ ಕಾರಣ ಇರುತ್ತೆ," ಎಂದರು ಅವರ ಹೆಂಡತಿ ಮಂಗಳಕ್ಕ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು. "ನಲ್ಲೀಲಿ ನೀರು ಬಂದು ವಾರ ಆಯ್ತು. ಅದಕ್ಕೊಂದು ಯಂತ್ರ ಮಾಡ್ಬಾರ್ದೇನ್ರೀ?"

"ವಿಜ್ಞಾನದ ಮಧ್ಯೆ ನಲ್ಲಿ ತರಬೇಡ ಕಣೇ!"

ಎರಡು ದಿನದಲ್ಲಿ ಬೀದಿಯ ನಾಯಿಗಳಿಗೆಲ್ಲ ಪಟ್ಟಿ ಬಂತು, ಲೋಕನಾಥಯ್ಯನವರ ಕರುವಿಗೂ ಸೇರಿ. ಸಂಜೆಯಾದರೆ ಮಾರ್ಕಂಡಣ್ಣ ಮನೆಮನೆಗೆ ಹೋಗಿ ಡಬ್ಬಿಗಳನ್ನು ಒಂದು ಸ್ಟೀಲ್ ಬಿಂದಿಗೆಗೆ ಬಸಿದುಕೊಂಡು, ಅದನ್ನು ತಮ್ಮ ಉಗ್ರಾಣದ ಮೂಲೆಯಲ್ಲಿ ಇಡುತ್ತಿದ್ದರು. ಒಂದು ಸಲ ನನ್ನ ಜಗಲಿಯ ಮೇಲೆ ಒಂದೇ ಒಂದು ಹನಿ ಬಿತ್ತು. "ಬೌ!" ಎಂದು ನೆಲವೇ ಬೊಗಳಿತು! ಹಾಲಿನವನು ಸೈಕಲ್ ಸಮೇತ ಚರಂಡಿ ಸೇರಿದ.

ಬೀದಿ ತಣ್ಣಗಾಯಿತು, ನನಗೂ ನಗಾರಿಗೂ ಮಾತ್ರ ನಿದ್ದೆ ಹಾರಿಹೋಯಿತು. ಕೋತಿಗಳಿಗೆ ಹೇಗೋ ಸುದ್ದಿ ತಿಳಿಯಿತು. ನಗಾರಿ ಅವುಗಳ ಮುಂದೆ ನಿಂತು ಬಾಯಿ ತೆರೆದು ಮುಚ್ಚುತ್ತಿದ್ದರೆ, ಅವು ಸಾಲಾಗಿ ಕೂತು ಹಪ್ಪಳ ಮುರಿಯುತ್ತ ಅದನ್ನೇ ನೋಡುತ್ತಿದ್ದವು. ನನ್ನ ಮೈಯೆಲ್ಲ ಉರಿದುಹೋಯಿತು. ಅದಕ್ಕಿಂತ ಸಂಕಟ ನಗಾರಿಯದು. ತನ್ನ ದನಿ ಎಲ್ಲಿ ಹೋಯಿತೆಂದು ಮಂಚದ ಕೆಳಗೆ, ಹಿಟ್ಟಿನ ಡಬ್ಬದ ಹಿಂದೆ ಮೂಸಿ ಮೂಸಿ ಹುಡುಕುತ್ತಿತ್ತು. ಊಟ ಬಿಟ್ಟಿತು. ಪಟ್ಟಿ ಬಿಚ್ಚಿಬಿಡೋಣವೆಂದು ಕೈ ಹಾಕುತ್ತಿದ್ದೆ, ವ್ಯಾನು ನೆನಪಾಗಿ ಕೈ ಹಿಂದಕ್ಕೆ ಬರುತ್ತಿತ್ತು.

ಶನಿವಾರ ಜವರೇಗೌಡರು ಬಂದರು. ಹಿಂದೆ ಹೆಲ್ತ್ ಇನ್‌ಸ್ಪೆಕ್ಟರು, ಅವರ ಹಿಂದೆ ವ್ಯಾನು. ಸದ್ದು ಅಳೆಯುವ ಮೀಟರು ವ್ಯಾನಿನ ಡ್ರೈವರ್ ಕೈಯಲ್ಲಿತ್ತು. ಮಿತಿ ದಾಟಿದರೆ ಅದರಲ್ಲಿ ಕೆಂಪು ದೀಪ ಹತ್ತುತ್ತದೆ. ಮಾರ್ಕಂಡಣ್ಣನ ಜಗಲಿಯಲ್ಲೇ ಪರೀಕ್ಷೆ. ಒಂದೊಂದೇ ನಾಯಿ ಬಂದು ನಿಂತಿತು. ಗೌಡರು ಕೋಲು ಬೀಸಿದರೂ ಚಕಾರವಿಲ್ಲ! ನಗಾರಿಯೂ ಪಾಸು! ನಾನು ಉಸಿರು ಬಿಟ್ಟೆ.

ಗೌಡರ ಹುಬ್ಬು ಮಾತ್ರ ಗಂಟಾಯಿತು.

"ಇದೇನ್ರೀ ಇದು? ಒಂದೂ ಬೊಗಳ್ತಾ ಇಲ್ವಲ್ಲ! ಬೊಗಳ್ದೇ ಇರೋ ನಾಯಿ ಅಂದ್ರೆ ಏನೋ ಕಾಯಿಲೆ ಅಂತಲೇ ಅರ್ಥ. ಎಲ್ಲಾನೂ ತುಂಬ್ಕೊಳ್ರಿ ವ್ಯಾನಿಗೆ!"

"ಬೊಗಳಿದ್ರೂ ಹಿಡೀತೀರಿ, ಬೊಗಳ್ದಿದ್ರೂ ಹಿಡೀತೀರಿ!" ನನಗೆ ತಡೆಯಲಾಗಲಿಲ್ಲ. "ನಾಯಿ ಇನ್ನೇನ್ ಮಾಡ್ಬೇಕು ಗೌಡ್ರೇ, ಹಾಡ್ಬೇಕಾ?"

"ರೂಲ್ಸ್ ಅಂದ್ರೆ ರೂಲ್ಸು ಕಣಮ್ಮ!"

ಅಷ್ಟರಲ್ಲಿ ಮಂಗಳಕ್ಕ ಬಾಗಿಲಿಗೆ ಬಂದು, "ಮನೆಗೆ ಬಂದೋರು ಹಂಗೇ ಹೋಗ್ಬಾರ್ದು. ಬಿಸಿಬೇಳೆ ಬಾತ್ ಇಟ್ಟಿದೀನಿ, ತಿಂದ್ಕೊಂಡು ಏನ್ ಬೇಕಾದ್ರೂ ಹಿಡ್ಕೊಂಡ್ ಹೋಗಿ," ಎಂದರು. ಗೌಡರು ಕೂತೇಬಿಟ್ಟರು. ಆಗ ಅಡುಗೆಮನೆಯಿಂದ ಕುಕ್ಕರ್ ಕೂಗಿತು.

"ಬೌ!"

ನಾನು ಮಾರ್ಕಂಡಣ್ಣನ ಮುಖ ನೋಡಿದೆ. ಅವರ ಮುಖ ಸುಣ್ಣದಂತಾಗಿತ್ತು. ಇಬ್ಬರೂ ಒಳಗೆ ಓಡಿದೆವು.

"ಲೇ, ಉಗ್ರಾಣದ ಬಿಂದಿಗೆ ಎಲ್ಲೇ?"

"ಇನ್ನೆಲ್ಲಿ, ಕುಕ್ಕರಲ್ಲಿ! ನಲ್ಲಿ ಬರ್ದೇ ಇರೋ ಕಾಲ್ದಲ್ಲಿ ಅಷ್ಟು ತಿಳಿನೀರು ಮೂಲೇಲಿ ಬಚ್ಚಿಟ್ಟಿದೀರಲ್ಲ, ನಿಮ್ಗೇನ್ ಬಂದಿದೆ?"

"ಅಯ್ಯೋ, ಅದು ನೀರಲ್ವೇ! ಬೀದಿ ನಾಯಿಗಳ ಬೊಗಳಾಟವೆಲ್ಲ ಅದ್ರಲ್ಲೇ ಇದೆ!"

"ಹಂಗಂತ ಮೇಲೆ ಬರ್ದಿರ್ಲಿಲ್ವಲ್ಲ!"

ಬಾತಿನ ಘಮಕ್ಕೆ ಗೌಡರು ಜಗಲಿಯಿಂದಲೇ, "ಏನಮ್ಮಾ, ಇನ್ನೂ ಆಗ್ಲಿಲ್ವಾ?" ಎಂದರು. ನಾವು ಬೇಡ ಬೇಡವೆಂದು ಕೈಯಾಡಿಸುತ್ತಿದ್ದರೂ ಮಂಗಳಕ್ಕ ತುಪ್ಪ ಹಾಕಿ ಬಡಿಸಿಯೇಬಿಟ್ಟರು. ಬೆಂದ ಅನ್ನವನ್ನು ಚೆಲ್ಲುವ ಪೈಕಿ ಅಲ್ಲ ಅವರು. ಗೌಡರು, ಇನ್‌ಸ್ಪೆಕ್ಟರು ಎರಡೆರಡು ಸಲ ಹಾಕಿಸಿಕೊಂಡರು. ಡ್ರೈವರ್ ಮಾತ್ರ ಶನಿವಾರ ಒಪ್ಪೊತ್ತು ಎಂದು ಮುಟ್ಟಲಿಲ್ಲ.

ಗೌಡರು ಕೈ ತೊಳೆದು ನನ್ನ ಪಕ್ಕದಲ್ಲಿದ್ದ ನಗಾರಿಯ ಕಡೆ ಬೆರಳು ತೋರಿಸಿದರು.

"ಮೊದ್ಲು ಈ ದೊಡ್ಡ ನಾಯೀನ..."

ಮುಂದೆ ಬಂದದ್ದು ಕನ್ನಡವಲ್ಲ. "ಬೌ! ಬೌ! ಬೌ!" ಕಿಟಕಿಯ ಗಾಜು ನಡುಗಿತು. ನಗಾರಿಯದೇ ದನಿ! ಅದೇ ಗಂಟಲು, ಅದೇ ಗತ್ತು! ಇನ್‌ಸ್ಪೆಕ್ಟರು ಗಾಬರಿಯಿಂದ, "ಸಾರ್, ಏನಾ..." ಎಂದವರು, "ಕಿಂಯ್ ಕಿಂಯ್!" ಎಂದು ಪೊಮೆರೇನಿಯನ್ನಿನ ಸ್ವರದಲ್ಲಿ ಮುಗಿಸಿದರು. ಟೀಚರು, "ಅಯ್ಯೋ ನನ್ ಕಂದಾ!" ಎಂದು ಇನ್‌ಸ್ಪೆಕ್ಟರ ಕೆನ್ನೆ ಹಿಡಿಯಲು ಹೋಗಿ ನಾಚಿ ಹಿಂದೆ ಬಂದರು.

ನಗಾರಿಯ ಕಿವಿ ನಿಮಿರಿತು. ಇಷ್ಟು ದಿನ ಹುಡುಕಿದ್ದು ಕೊನೆಗೂ ಸಿಕ್ಕಿತು! ಒಂದೇ ನೆಗೆತಕ್ಕೆ ಗೌಡರ ಮೇಲೆ ಬಿದ್ದು, ಅವರ ಹೊಟ್ಟೆಗೆ ಕಿವಿಯಿಟ್ಟು, ಗಡ್ಡದಿಂದ ಹಣೆಯವರೆಗೆ ನೆಕ್ಕಿತು. ಗೌಡರು "ಬಿಡಿಸ್ರೋ" ಎನ್ನಲು ಹೋದಷ್ಟೂ ಬೊಗಳಿದರು. ಬೊಗಳಿದಷ್ಟೂ ಬೀದಿಯ ನಾಯಿಗಳೆಲ್ಲ ಬಾಲ ಆಡಿಸುತ್ತ ಬಂದು ಸುತ್ತ ಕೂತವು. ಮೀಟರಿನ ಕೆಂಪು ದೀಪ ಆರಲೇ ಇಲ್ಲ.

ಡ್ರೈವರ್ ಮೀಟರು ನೋಡಿದ, ಗೌಡರನ್ನು ನೋಡಿದ. ಬಹಳ ನಿಯತ್ತಿನ ಮನುಷ್ಯ.

"ಸಾರ್, ಮಿತಿ ದಾಟೈತೆ. ನೀವೇ ಮಾಡ್ಸಿದ್ ರೂಲ್ಸು. ದಯವಿಟ್ಟು ಹತ್ತಿ."

"ಬೌ!" ಎಂದು ಗೌಡರು ಗುಡುಗಿದರು.

"ಅದಕ್ಕೇ ಸಾರ್, ಹತ್ತಿ ಅಂದಿದ್ದು."

ವ್ಯಾನು ಹೊರಟಿತು. ಜಾಲರಿಯ ಹಿಂದೆ ಗೌಡರು, ಇನ್‌ಸ್ಪೆಕ್ಟರು. ನಗಾರಿ ಅವರ ಹಿಂದೆಯೇ ಓಡಿತು. ನನ್ನ ಎದೆ ಒಡೆದುಹೋಯಿತು. ಹಿಂದೆ ಓಡಿ, ಸೆರಗು ಸಿಕ್ಕಿಸಿಕೊಂಡು, ತಿರುವಿನಲ್ಲಿ ಅದನ್ನು ತಬ್ಬಿ ಹಿಡಿದು, ಆ ಹಾಳು ಪಟ್ಟಿಯನ್ನು ಕಿತ್ತು ಚರಂಡಿಗೆ ಎಸೆದೆ. ನಗಾರಿ ನನ್ನ ಮುಖಕ್ಕೇ ಬಾಯಿಟ್ಟು ಬೊಗಳಿತು. ಕಿವಿ ಗುಂಯ್ ಎಂದಿತು. ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ, ಅಷ್ಟು ಚೆನ್ನಾಗಿತ್ತು!

ಇನ್‌ಸ್ಪೆಕ್ಟರ ದನಿ ಮಜ್ಜಿಗೆ ಕುಡಿದ ಮೇಲೆ ಸರಿಹೋಯಿತಂತೆ. ಗೌಡರದು ಇನ್ನೂ ಪೂರ್ತಿ ಹೋಗಿಲ್ಲ. ಪುರಸಭೆಯ ಸಭೆಯಲ್ಲಿ ನಾಯಿ ಕರಡು ಮಂಡಿಸಲು ಎದ್ದು ನಿಂತವರು, ಬಾಯಿ ತೆರೆದು, ಸುತ್ತ ನೋಡಿ, ಮುಚ್ಚಿಕೊಂಡು ಕೂತುಬಿಟ್ಟರು. ಮಂಡಿಸುವವರಿಲ್ಲದೆ ಕರಡು ಬಿದ್ದುಹೋಯಿತು. ಆಮೇಲೆ ಅವರು ಎಲ್ಲೂ ಬಾಯಿ ಬಿಟ್ಟಿಲ್ಲ. ಭಾಷಣವಿಲ್ಲ, ಭರವಸೆಯಿಲ್ಲ, ಉದ್ಘಾಟನೆಯಿಲ್ಲ. ಅವರು ಗೆದ್ದು ಬಂದ ಮೇಲೆ ನಮ್ಮ ವಾರ್ಡಿನಲ್ಲಿ ನಡೆದ ಮೊದಲ ಅಭಿವೃದ್ಧಿ ಕೆಲಸ ಇದು.